ಅಂಟದ ಲಕೋಟೆ

ಎಲ್ಲಕ್ಕೂ ಮೂಲ ಗೋಂದು. ಅಗ್ಗಕ್ಕೆ ಸಿಕ್ಕಿತೆಂದು ಅವಳ ತಮ್ಮ ಪೀಪಾಯಿಗಟ್ಟಲೆ ತರಿಸಿದ್ದ ಆ ಗೋಂದು ಬೆರಳಿಗೆ ಅಂಟುತ್ತಿತ್ತು, ಮೇಜಿಗೆ ಅಂಟುತ್ತಿತ್ತು, ಲಕೋಟೆಗೆ ಮಾತ್ರ ಅಂಟುತ್ತಿರಲಿಲ್ಲ.

ಅಂದು ಬೆಳಿಗ್ಗೆ ಕತ್ತರಿ ಹುಡುಕುತ್ತ ಅವಳು ಅಪ್ಪನ ಮೇಜಿನ ಡ್ರಾಯರ್ ಎಳೆದಾಗ, ಎರಡು ಲಕೋಟೆಗಳು ನಿದ್ದೆಗೆ ಜಾರಿದ ಮುದುಕರ ಹಾಗೆ ಬಾಯಿ ಬಿಟ್ಟುಕೊಂಡು ಮಲಗಿದ್ದವು. ಅಪ್ಪನ ನಡುಗುವ ಕೈಬರಹದಲ್ಲಿ ಒಂದರ ಮೇಲೆ 'ಮಗಳಿಗೆ', ಇನ್ನೊಂದರ ಮೇಲೆ 'ಮಗನಿಗೆ'.

ಒಳ್ಳೆಯ ಹೆಂಗಸಾದರೆ ಡ್ರಾಯರ್ ಮುಚ್ಚಿಬಿಡಬೇಕಿತ್ತು. ಅವಳು ಐವತ್ತು ದಾಟುವವರೆಗೂ ಒಳ್ಳೆಯವಳಾಗಿಯೇ ಇದ್ದು ಸಾಕಾದವಳು.

ಅದು ಗ್ರೀಟಿಂಗ್ ಕಾರ್ಡಿನ ಕಂಪನಿ. ಮುತ್ತಜ್ಜ ಕಟ್ಟಿದ್ದು, ಅಜ್ಜ ಬೆಳೆಸಿದ್ದು, ಅಪ್ಪ ಹೇಗೋ ಮುಳುಗದಂತೆ ಹಿಡಿದುಕೊಂಡದ್ದು. ಮುಖ್ಯವಾದ ಮಾತನ್ನು ಆ ಮನೆಯಲ್ಲಿ ಯಾರೂ ಬಾಯಲ್ಲಿ ಹೇಳುತ್ತಿರಲಿಲ್ಲ. ನಾವೇ ಬಾಯಲ್ಲಿ ಹೇಳಿದರೆ ಗಿರಾಕಿ ಯಾಕೆ ಕಾರ್ಡು ಕೊಳ್ಳುತ್ತಾನೆ ಎಂಬುದು ಮುತ್ತಜ್ಜನ ವಾದ. ಅಮ್ಮ ಬದುಕಿದ್ದಾಗ ಅಪ್ಪನ ಮೇಲೆ ಮುನಿಸಿಕೊಂಡರೆ ಊಟದ ತಟ್ಟೆಯ ಪಕ್ಕ 'ಶುಭ ಪ್ರಯಾಣ' ಇಡುತ್ತಿದ್ದಳು. ಹಿಂದೊಮ್ಮೆ ಮಗಳು ರಾಜೀನಾಮೆ ಕೊಟ್ಟಾಗ ಅಪ್ಪನಿಂದ ಬಂದ ಉತ್ತರ 'ಬೇಗ ಗುಣಮುಖರಾಗಿ'. ಹೂವಿನ ಚಿತ್ರದ್ದು, ದುಬಾರಿಯದು.

ಇವತ್ತು ಮಧ್ಯಾಹ್ನ ಅಪ್ಪ ಯಜಮಾನಿಕೆ ಬಿಡುವವರಿದ್ದರು. ಯಾರಿಗೆ ಎಂಬುದು ಈ ಲಕೋಟೆಗಳಲ್ಲಿತ್ತು.

ಮಗನ ಲಕೋಟೆಯಲ್ಲಿ 'ಹೃತ್ಪೂರ್ವಕ ಅಭಿನಂದನೆ'. ಮಗಳದರಲ್ಲಿ ಕಪ್ಪು ಅಂಚಿನ ಸಂತಾಪದ ಕಾರ್ಡು: 'ಹೊರೆ ದೊಡ್ಡದು. ಹೊರುವ ಶಕ್ತಿ ನಿಮಗೆ ಬರಲಿ.'

ಆ ಸಾಲು ಅವಳೇ ಬರೆದದ್ದು. ಕಂಪನಿಯ ಸಾಲುಗಳೆಲ್ಲ ಅವಳವೇ. ಊರಿನ ಅಳು, ನಗು, ಹೆರಿಗೆ, ಮದುವೆ ಎಲ್ಲವೂ ಅವಳ ಪೆನ್ನಿನಿಂದ ಹೊರಟು ಬೇರೆಯವರ ಸಹಿ ಹೊತ್ತು ಹೋಗುತ್ತಿದ್ದವು. ಅವಳಿಗೆ ಯಜಮಾನನ ಕುರ್ಚಿ ಬೇಕಿದ್ದದ್ದು ಕೂರುವುದಕ್ಕಲ್ಲ. ತಾನು ಬಾಯಿ ತೆರೆಯುವವರೆಗೆ ನಾಲ್ಕು ಜನ ಸುಮ್ಮನೆ ಕಾಯಬೇಕು, ಒಂದೇ ಒಂದು ಸಲ. ಅಷ್ಟೇ ಅವಳ ಆಸೆ.

ಕೈ ತಾನಾಗಿ ಕಾರ್ಡುಗಳನ್ನು ಅದಲುಬದಲು ಮಾಡಿತು. ಆಮೇಲೆ ಶುರುವಾಯಿತು ಪಡಿಪಾಟಲು. ಲಕೋಟೆ ಒತ್ತಿದರೆ ಏಳುತ್ತಿತ್ತು, ಬೈದರೂ ಏಳುತ್ತಿತ್ತು. ಕೊನೆಗೆ ಅಂಗೈ ತುಂಬ ಗೋಂದು ಸುರಿದುಕೊಂಡು ಬಳಿದಳು. ಹೇಗೋ ಕಚ್ಚಿಕೊಂಡಿತು. ಸೊಂಟದಿಂದ ಡ್ರಾಯರ್ ತಳ್ಳುವುದಕ್ಕೂ ಸೋದರತ್ತೆ ಒಳಗೆ ಬರುವುದಕ್ಕೂ ಸರಿಹೋಯಿತು.

ಅತ್ತೆಗೆ ಕಂಪನಿಯಲ್ಲಿ ಕೆಲಸವಿರಲಿಲ್ಲ. ಹಾಗಾಗಿ ಎಲ್ಲರ ಕೆಲಸವನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಅಣ್ಣನ ಮಗಳ ಜೊತೆ ಮಾತು ಬಿಟ್ಟು ವರ್ಷಗಳಾಗಿದ್ದರೂ ಇವತ್ತು ಕುತೂಹಲ ಹಟವನ್ನು ಗೆದ್ದಿತ್ತು.

"ಏನೇ ಮಾಡ್ತಿದೀಯ ಅಣ್ಣನ ಕೋಣೇಲಿ? ಕೈಯಲ್ಲೇನು, ತೋರಿಸು!" ಎಂದು ಅವಳ ಅಂಗೈ ಗಬಕ್ಕನೆ ಹಿಡಿದರು.

ಹಿಡಿದದ್ದು ಬಿಡಲಿಲ್ಲ. ಬಿಡಲಾಗಲಿಲ್ಲ.

"ಬಿಡೇ!"

"ನೀವೇ ಹಿಡಿದಿರೋದು, ಅತ್ತೆ."

"ಇದು ಆ ನಿನ್ನ ತಮ್ಮನ ಗೋಂದಾ? ಅಯ್ಯೋ, ಇದ್ದಕ್ಕಿದ್ದ ಹಾಗೆ ಅಂಟೋಕೆ ನಾನೇ ಸಿಕ್ಕಿದ್ನಾ ಅದಕ್ಕೆ?"

ಬಿಸಿನೀರು ಸಿಗುವುದು ಕೆಳಗೆ ಅಚ್ಚಿನ ಕೋಣೆಯಲ್ಲಿ. ಇಬ್ಬರೂ ಕೈಕೈ ಹಿಡಿದು ಮೆಟ್ಟಿಲಿಳಿದು, ಕಾರ್ಡು ಮಡಿಸುವವರ ಸಾಲನ್ನು ದಾಟಿ ಹೊರಟರು. ಕೆಲಸ ನಿಂತಿತು. ಹಾವು ಮುಂಗುಸಿ ಜೋಡಿಯಾಗಿ ವಾಕಿಂಗ್ ಹೊರಟದ್ದನ್ನು ನೋಡಿದಂತೆ ಎಲ್ಲರೂ ಬಾಯಿ ತೆರೆದರು.

ಅಚ್ಚಿನ ಮೇಸ್ತ್ರಿ ಎದ್ದು ನಿಂತ. "ಗೊತ್ತಾಯ್ತು ಬಿಡಿ ಅಕ್ಕಾವ್ರೇ! ಅತ್ತೆಯವರೇ ಕೈ ಹಿಡಿದು ಕರ್ಕೊಂಡು ಬಂದ್ರು ಅಂದ್ಮೇಲೆ ಇನ್ನೇನಿದೆ? ಕುರ್ಚಿ ನಿಮ್ಮದೇ!"

ಚಪ್ಪಾಳೆ ಬಿತ್ತು. ಅತ್ತೆಯೂ ಚಪ್ಪಾಳೆ ತಟ್ಟಲು ಹೋಗಿ ಅವಳನ್ನು ಎಳೆದಾಡಿದರು. ಬಿಸಿನೀರಿನ ಪಾತ್ರೆಯಲ್ಲಿ ಕೈಗಳು ಬೇರೆಯಾದವು. ಸುದ್ದಿ ಮಾತ್ರ ಇಡೀ ಕಂಪನಿಗೆ ಅಂಟಿಕೊಂಡಿತು.

ಒಂದು ಮೂಲೆಯಲ್ಲಿ ಅವಳಿಗೆ ತಮ್ಮ ಸಿಕ್ಕಿದ. ಮುಖ ಬಿಳಿಚಿತ್ತು.

"ಅಕ್ಕಾ, ನಿಜವಾಗ್ಲೂ ನಿಂಗೇನಾ? ಬದುಕಿಕೊಂಡೆ! ನಂಗೆ ಈ ಕುರ್ಚಿ ಬೇಡಪ್ಪ. ಗಾಜಿನ ತೊಟ್ಟಿ ಇಟ್ಕೊಂಡು ಬಣ್ಣದ ಮೀನು ಸಾಕ್ತೀನಿ. ಮೀನು ಸಂಬಳ ಕೇಳಲ್ಲ, ರಜೆ ಕೇಳಲ್ಲ."

ಅವಳ ಎದೆಯಲ್ಲಿ ಬೆಳಗ್ಗಿನಿಂದ ಕೊರೆಯುತ್ತಿದ್ದ ಮುಳ್ಳು ಕಿತ್ತು ಬಂದಂತಾಯಿತು. ತಾನು ಮಾಡಿದ್ದು ಕಳ್ಳತನವಲ್ಲ, ಇಬ್ಬರಿಗೂ ಉಪಕಾರ. ಹಾಗೆಂದುಕೊಂಡು ತಲೆ ಬಾಚಿಕೊಂಡಳು.

ಮಧ್ಯಾಹ್ನ ದೊಡ್ಡ ಹಾಲಿನಲ್ಲಿ ಎಲ್ಲರೂ ಸೇರಿದರು. ಗೋಡೆಯ ಮೇಲೆ ಮುತ್ತಜ್ಜ, ಅಜ್ಜ. ಇಬ್ಬರ ಮುಖವೂ ಹಲ್ಲುನೋವಿನವರ ಹಾಗಿತ್ತು. ಚಿತ್ರಕಾರ ಸರಿಯಿರಲಿಲ್ಲ ಎಂದು ಅವಳು ಚಿಕ್ಕಂದಿನಿಂದ ನಂಬಿದ್ದಳು. ಪಕ್ಕದಲ್ಲಿ ಕಂಪನಿಯ ಹಳೆಯ ಬೋರ್ಡು: 'ಕೊಟ್ಟ ಕಾರ್ಡನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ.'

ಅಪ್ಪ ಎರಡೂ ಲಕೋಟೆ ಹಂಚಿದರು. ಅವಳು ತನ್ನದನ್ನು ತೆರೆದು ಎತ್ತಿ ತೋರಿಸಿದಳು. ಅಭಿನಂದನೆ! ಮೇಸ್ತ್ರಿ ಸಿಳ್ಳೆ ಹಾಕಿದ. ಅವಳು ನೇರ ನಡೆದು ಹೋಗಿ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟಳು. ಕರಿ ಮರ, ತಣ್ಣಗಿತ್ತು.

"ನೀನ್ಯಾಕಮ್ಮ ಅಲ್ಲಿ ನಿಂತೆ?" ಎಂದರು ಅಪ್ಪ, ಅವಳ ಕೈಯ ಕಾರ್ಡನ್ನು ನೋಡಿ.

ಆಮೇಲೆ ಅಪ್ಪ ನೆರೆದವರ ಕಡೆ ನೋಡಿದರು.

"ಇದನ್ನ ಹೋಗೋ ಯಜಮಾನ ಬರೋ ಯಜಮಾನನಿಗೆ ಮಾತ್ರ ಹೇಳೋದು. ನಂಗೆ ಗುಟ್ಟು ಇಟ್ಕೊಂಡು ಸಾಕಾಗಿದೆ, ಎಲ್ಲರೂ ಕೇಳಿಸ್ಕೊಳ್ಳಿ. ನಮ್ಮಪ್ಪ ಈ ಕುರ್ಚಿ ಕೊಟ್ಟಾಗ ನನ್ನ ಕೈಗೆ ಇಟ್ಟಿದ್ದು ಸಂತಾಪದ ಕಾರ್ಡು. ಅವರಿಗೆ ಅವರಪ್ಪ ಕೊಟ್ಟಿದ್ದೂ ಅದೇ. ಕುರ್ಚಿ ಯಾರ ತಲೆಗೆ ಬೀಳುತ್ತೋ ಅವರಿಗೆ ಸಂತಾಪ, ತಪ್ಪಿಸಿಕೊಂಡವರಿಗೆ ಅಭಿನಂದನೆ. ಇದರಲ್ಲಿ ಕೂತ ಮೇಲೆ ನಾನು ಒಂದು ದಿನ ನೆಮ್ಮದಿಯಾಗಿ ಮಲಗಿಲ್ಲ."

ಹೇಳುತ್ತ ಹೇಳುತ್ತ ಅವರ ಕಣ್ಣು ಮಗನ ಕೈಯಲ್ಲಿದ್ದ ಕಪ್ಪು ಅಂಚಿನ ಮೇಲೆ ನಿಂತಿತು. ಮಗನನ್ನು ನೋಡಿದರು, ಮಗಳನ್ನು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡರು.

"ಮಗಳಿಗೆ ಅಂತಲೇ ಹಾಕಿದ್ದೆ ಅನ್ಸುತ್ತೆ... ಇಷ್ಟು ವರ್ಷ ನಡೆಸಿದ್ದು ಅವಳೇ ಅಲ್ವಾ. ಏನೋ, ಕಣ್ಣು ಕೈಕೊಟ್ಟಿರಬೇಕು. ನೀನು ಹೇಳಮ್ಮ, ಏನಾಯ್ತು?"

ಎಲ್ಲರೂ ಅವಳತ್ತ ತಿರುಗಿದರು. ಅವಳು ಬಾಯಿ ತೆರೆಯುವವರೆಗೆ ಯಾರೂ ಕೆಮ್ಮಲೂ ಇಲ್ಲ. ಜನ್ಮವಿಡೀ ಬಯಸಿದ್ದ ಆ ಮೌನ ಈಗ ಅವಳ ಕತ್ತು ಹಿಸುಕುತ್ತಿತ್ತು. ನಿಜ ಹೇಳಿದರೆ ಕಳ್ಳಿ. ಸುಳ್ಳು ಹೇಳಲು ಸಾಲೇ ಹೊಳೆಯಲಿಲ್ಲ. ಊರಿಗೆಲ್ಲ ಸಾಲು ಬರೆದುಕೊಟ್ಟವಳಿಗೆ!

"ಈ ಗೋಂದು... ಬದಲಾಯಿಸಬೇಕು" ಎಂದಳು.

"ಬಿಡಣ್ಣ" ಎಂದರು ಅತ್ತೆ, ಬೋರ್ಡಿನತ್ತ ಗದ್ದ ಎತ್ತಿ. "ಕೊಟ್ಟ ಕಾರ್ಡನ್ನ ವಾಪಸ್ ತಗೊಳ್ಳೋದು ನಮ್ಮಲ್ಲಿ ಯಾವತ್ತು ಇತ್ತು?"

ತಮ್ಮನನ್ನು ಇಬ್ಬರು ಹಿಡಿದು ಕುರ್ಚಿಯಲ್ಲಿ ಕೂರಿಸಿದರು. ಅಲ್ಲಿಗೆ ಮುಟ್ಟುವ ಮೊದಲೇ ಅವನ ಮುಖ ಗೋಡೆಯ ಮೇಲಿನವರ ಮುಖದಂತಾಗಿತ್ತು. ಚಿತ್ರಕಾರನ ತಪ್ಪೇನೂ ಇರಲಿಲ್ಲ.

ಅಪ್ಪ ಹೋಗುವಾಗ ಅವಳ ತಲೆ ಸವರಿದರು. "ನೀನು ಪಾರಾದೆ, ಮಗಳೇ."

ಪಾರಾದದ್ದಾದರೂ ಉಳಿಯಲಿ ಎಂದು ಅವಳು ತನ್ನ ಮೇಜಿಗೆ ಬಂದು, ನಾಲ್ಕು ಸಾಲಿನ ರಾಜೀನಾಮೆ ಬರೆದು ಹೊಸ ಯಜಮಾನನಿಗೆ ಕಳಿಸಿದಳು. ಬ್ಯಾಗಿಗೆ ಪೆನ್ನು ಹಾಕಿಕೊಂಡಳು. ಕನ್ನಡಕದ ಡಬ್ಬಿಯನ್ನೂ ಹಾಕಿಕೊಂಡಳು.

ಅಷ್ಟರಲ್ಲಿ ಉತ್ತರ ಬಂತು. ಲಕೋಟೆ ದಾರಿಯಲ್ಲೇ ಬಾಯಿ ಬಿಟ್ಟಿತ್ತು. ಒಳಗೆ 'ಬೇಗ ಗುಣಮುಖರಾಗಿ', ಹೂವಿನ ಚಿತ್ರದ್ದು, ದುಬಾರಿಯದು. ಕೆಳಗೆ ತಮ್ಮನ ಅಕ್ಷರ: 'ಅಕ್ಕಾ, ಸಹಿ ಎಲ್ಲಿ ಹಾಕಬೇಕು? ಬೇಗ ಬಾ.'

ಅವಳು ಬ್ಯಾಗಿನಿಂದ ಪೆನ್ನು ತೆಗೆದುಕೊಂಡು ಎದ್ದಳು.