ಬೀಗರ ಪೆಟ್ರೋಲಿನಲ್ಲಿ ಕೊಬ್ಬರಿ ಚೂರು

ಅಂದು ಎಲ್ಲವೂ ಹೀಗೆಯೇ ನಡೆಯಿತು ಎಂದು ನಾನು ಆಣೆ ಮಾಡಿ ಹೇಳಲಾರೆ. ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರ ಓದಿದ ಮೇಲೆ ನನಗೆ ಕಂಡದ್ದರ ಮೇಲೆಲ್ಲ ಅನುಮಾನ. ಈಚೆಗೆ ನನ್ನ ನೆನಪನ್ನೂ ಆ ಪಟ್ಟಿಗೆ ಸೇರಿಸಿದ್ದೇನೆ. ಹೆಂಡತಿ ಮಹಾದೇವಿಗೆ ಈ ಕಷ್ಟವಿಲ್ಲ. ಅವಳಿಗೆ ಎಲ್ಲವೂ ನೆನಪಿದೆ, ನಡೆಯದೆ ಇದ್ದದ್ದೂ! ಆದ್ದರಿಂದ ಈ ಬರಹದಲ್ಲಿ ನಾನು ಎಲ್ಲೆಲ್ಲಿ ಬುದ್ಧಿವಂತನಂತೆ ಕಾಣುತ್ತೇನೋ ಅದು ನನ್ನ ನೆನಪು. ಉಳಿದದ್ದು ಅವಳದು.

ಮಹಾದೇವಿಯ ತಮ್ಮ ಬಸವರಾಜನಿಗೆ ಸುರಪುರದ ಹುಡುಗಿಯ ಜೊತೆ ನಿಶ್ಚಯ ಇತ್ತು. ನೆಂಟರಿಷ್ಟರು ಹಿಂದಿನ ದಿನವೇ ಹೋಗಿದ್ದರು. ಯಾದಗಿರಿಯ ಅಕ್ಕಸಾಲಿಗ ಉಂಗುರವನ್ನು ತಡವಾಗಿ ಕೊಟ್ಟಿದ್ದರಿಂದ ನಾವಿಬ್ಬರು ಉಳಿದಿದ್ದೆವು. ಮಧ್ಯಾಹ್ನದೊಳಗೆ ಉಂಗುರ ಸುರಪುರ ಮುಟ್ಟಬೇಕು, ಹುಡುಗಿಯ ಬೆರಳಿಗೆ ಏರಬೇಕು. ಜವಾಬ್ದಾರಿ ನನ್ನದು. ಅಂಗಿ ಜೇಬೂ ನನ್ನದೇ.

ನನ್ನ ಬೈಕು ಆಗಷ್ಟೇ ಕೊಂಡ ಹಳೆಯ ಗಾಡಿ. ಮೊದಲ ದೂರ ಪ್ರಯಾಣವಾದ್ದರಿಂದ ಪೂಜೆ ಆಗಲೇಬೇಕೆಂದು ಮಹಾದೇವಿ ಹಟ ಹಿಡಿದಳು. ಪೆಟ್ರೋಲ್ ಟಾಕಿಯ ಮೇಲೆಲ್ಲ ಕುಂಕುಮ ಬಳಿದಳು. ನನಗೆ ಪೂಜೆಯಲ್ಲಿ ನಂಬಿಕೆ ಇಲ್ಲ, ಪೆಟ್ರೋಲಿನಲ್ಲಿ ಅದಕ್ಕಿಂತ ಕಡಿಮೆ. ಶುದ್ಧ ಪೆಟ್ರೋಲಿನ ಹನಿ ಬಿಳಿ ಕಾಗದದ ಮೇಲೆ ಕಲೆ ಬಿಡದೆ ಆರಬೇಕು. ಟಾಕಿಯ ಮುಚ್ಚಳ ತೆಗೆದು, ಬೆರಳು ಅದ್ದಿ, ಕಾಗದದ ಮೇಲೊಂದು ಹನಿ ಬಿಟ್ಟು, ಬಿಸಿಲಿಗೆ ಹಿಡಿದು ನಿಂತೆ.

“ಆತೇನ್ರಿ ನಿಮ್ಮ ಪರೀಕ್ಷಾ? ಕಾಯಿ ಒಡೀರಿ ಜಲ್ದಿ!”

“ಕಲಬೆರಕೆ ಅನ್ನುವುದು ದೇಶದ ಸಮಸ್ಯೆ, ಮಹಾದೇವಿ...”

“ದೇಶ ಆಮ್ಯಾಲ. ಒಡದು, ನೀರು ಮುಂದಿನ ಗಾಲಿಗಿ ಹಾಕ್ರಿ, ಹಿಂದಿನ ಗಾಲಿಗಿ ಹಾಕ್ರಿ, ಟಾಕಿಗಿ ಹಾಕ್ರಿ.”

ಒಡೆದೆ. ಹೇಳಿದಂತೆ ಹಾಕಿದೆ. ಕಣ್ಣು ಮಾತ್ರ ಕಾಗದದ ಮೇಲಿತ್ತು. ಹನಿ ಆರಿತು, ಕಲೆ ಉಳಿಯಲಿಲ್ಲ. “ಶುದ್ಧ!” ಎಂದು ಘೋಷಿಸಿ ಮುಚ್ಚಳ ಹಾಕಿದೆ.

ಭೀಮಾ ನದಿ ದಾಟುವವರೆಗೆ ಗಾಡಿ ಚೆನ್ನಾಗಿಯೇ ಓಡಿತು. ಆಮೇಲೆ ಅಲ್ಲಲ್ಲಿ ಕೆಮ್ಮಿತು. ಹಳೆಯ ಗಾಡಿ, ಕೆಮ್ಮುವ ವಯಸ್ಸು ಎಂದುಕೊಂಡೆ. ಶಹಾಪುರದಲ್ಲಿ ಮತ್ತೆ ಪೆಟ್ರೋಲ್ ಹಾಕಿಸಿದೆ. ಭೀಮರಾಯನಗುಡಿಯ ಹತ್ತಿರ ಗಾಡಿ ಜೋರಾಗಿ ಒಮ್ಮೆ ಸೀನಿ ನಿಂತುಬಿಟ್ಟಿತು. ಒದ್ದೆ. ಬೇಡಿಕೊಂಡೆ. ಮತ್ತೆ ಒದ್ದೆ. ಉಹುಂ!

ನನ್ನ ತರ್ಕ ಥಟ್ಟನೆ ಕೆಲಸ ಮಾಡಿತು. ಯಾದಗಿರಿಯ ಪೆಟ್ರೋಲಿನಲ್ಲಿ ಓಡಿದ ಗಾಡಿ ಶಹಾಪುರದ ಪೆಟ್ರೋಲ್ ಬಿದ್ದೊಡನೆ ನಿಂತಿದೆ. ಇನ್ನೇನು ಪುರಾವೆ ಬೇಕು?

“ಸುರಪುರದ ಬಸ್ ಬರಾಕತ್ತೈತಿ. ಗಾಡಿ ಇಲ್ಲೇ ಬಿಟ್ಟು ಹತ್ರಿ,” ಎಂದಳು ಮಹಾದೇವಿ.

“ಅನ್ಯಾಯ ಕಂಡು ಬಸ್ಸು ಹತ್ತುವವನಲ್ಲ ನಾನು. ಮೊದಲು ಆ ಬಂಕಿಗೆ ಹೋಗಿ ವಿಚಾರಿಸುತ್ತೇನೆ.”

“ಹಂಗಾದ್ರ ಆ ಬಂಕಿನ್ಯಾಗ ಊಟಾನೂ ಮಾಡ್ಕೋರಿ!” ಎಂದು ಅವಳು ಹತ್ತಿಯೇಬಿಟ್ಟಳು.

ಬಸ್ಸಿನ ಧೂಳು ಅಡಗಿದ ಮೇಲೆ ಎದೆಯ ಮೇಲೆ ಕೈ ಇಟ್ಟುಕೊಂಡೆ. ಉಂಗುರದ ಡಬ್ಬಿ ಸಿಕ್ಕಿತು. ಕರೆಯೋಣವೆಂದರೆ ಬಸ್ಸು ಕಾಣಲಿಲ್ಲ.

ವಿವೇಕವಿದ್ದವನು ಮುಂದಿನ ಬಸ್ಸಿಗೆ ಕಾಯುತ್ತಿದ್ದ. ನಾನು ಬೈಕನ್ನು ಒಂದು ಟಂಟಂ ಆಟೋಗೆ ಹೇರಿಸಿ ಶಹಾಪುರದ ಕಡೆ ತಿರುಗಿಸಿದೆ, ಸುರಪುರಕ್ಕೆ ನೇರ ವಿರುದ್ಧ ದಿಕ್ಕಿಗೆ!

ಬಂಕಿನಲ್ಲಿ ಇಸ್ತ್ರಿ ಅಂಗಿ ತೊಟ್ಟ ಮ್ಯಾನೇಜರು ಸ್ಕೂಟರ್ ತೆಗೆದು ಎಲ್ಲಿಗೋ ಹೊರಟಿದ್ದರು. ನಾನು ಅಡ್ಡ ನಿಂತೆ.

“ನೀವು ಜನರಿಗೆ ಪೆಟ್ರೋಲ್ ಮಾರುತ್ತೀರೋ, ನೀರು ಮಾರುತ್ತೀರೋ?”

“ಯಾರಪಾ ನೀ? ಯಾಕ ಒದರಾಕತ್ತಿ? ನನಗ ಹೊತ್ತಾಗೈತಿ, ಸರಿ ಅತ್ಲಾಗ!”

“ಸರಿಯುವುದಿಲ್ಲ! ಉತ್ತರ ಬೇಕು!” ಎಂದೆ. ಉತ್ತರ ಕೊಡಲು ಅವರು ಬಾಯಿ ತೆರೆದಾಗಲೆಲ್ಲ ಗ್ರಾಹಕರ ಹಕ್ಕಿನ ಬಗ್ಗೆ ನಾನೇ ಮಾತಾಡಿದೆ. ಜನ ಸೇರಿದರು. ಒಬ್ಬ “ಸೀಮೆಎಣ್ಣಿ ಇರಬೇಕ್ರಿ” ಎಂದ. ಇನ್ನೊಬ್ಬ “ಕಾಲುವಿಗೆ ನೀರು ಬಿಟ್ಟಾರಲ್ಲ, ಅದ ಬಂದಿರಬೇಕು” ಎಂದ. ಮತ್ತೆ ಕೆಲವರು ಸುಮ್ಮನೆ ನಗುತ್ತಿದ್ದರು. ನನ್ನ ಧೈರ್ಯಕ್ಕೆ ಮೆಚ್ಚಿ ನಗುತ್ತಿದ್ದಾರೆ ಎಂದು ಭಾವಿಸಿದೆ.

ಅಷ್ಟರಲ್ಲಿ ಫೋನು ಬಂತು. ಮಹಾದೇವಿಯ ದನಿಗೆ ಸ್ಪೀಕರ್ ಬೇಕಾಗುವುದಿಲ್ಲ.

“ಎಲ್ಲಿ ಸತ್ತೀರಿ? ಉಂಗುರ ನಿಮ್ಮ ಕಡೇನೇ ಐತಿ! ಇಲ್ಲಿ ಬಸವರಾಜ ಪೇಟಾ ಸುತ್ತಿಕೊಂಡು ಕುಂತಾನ. ಅತ್ಲಾಗ ಹುಡುಗಿ ಸೋದರಮಾವ ಶರಣಪ್ಪ ಮಾವಾರೂ ಬಂದಿಲ್ಲ. ಶಹಾಪುರದ ಬಂಕಿನ್ಯಾಗ ಯಾವನೋ ಹುಚ್ಚನ ಕೈಯಾಗ ಸಿಕ್ಕೊಂಡಾರಂತ!”

ಮ್ಯಾನೇಜರು ನನ್ನ ಮುಖ ನೋಡಿದರು. ಕೆಂಪಗಿದ್ದ ಅವರ ಮುಖ ನಿಧಾನವಾಗಿ ಅರಳಿತು. ನೋವಿನಿಂದ ಅರಳಿದ ಮುಖವನ್ನು ನಾನು ನೋಡಿದ್ದು ಅದೇ ಮೊದಲು.

“ಬೀಗರ! ಮೊದಲ ಹೇಳಬಾರದೇನ್ರಿ? ಬರ್ರಿ, ಕುಂಡ್ರಿ. ಏ, ಬೀಗರಿಗೆ ತಂಪು ತರ್ರೋ!”

ನಮ್ಮ ಕಡೆ ಗಂಡಿನ ಕಡೆಯವರೆಂದರೆ ಹೆಣ್ಣಿನ ಕಡೆಯವರು ಎದುರು ಮಾತಾಡುವಂತಿಲ್ಲ. ಬೀಗರು ಹಗಲನ್ನು ರಾತ್ರಿ ಎಂದರೆ ದೀಪ ಹಚ್ಚಬೇಕು. ಶರಣಪ್ಪನವರು ಹಚ್ಚಿದರು.

“ನಮ್ಮ ಪೆಟ್ರೋಲ್ ಕೆಟ್ಟೈತಿ ಅಂದ್ರಿ, ಕೆಟ್ಟೈತಿ ಅಷ್ಟ. ತಪ್ಪು ನಮ್ಮದ.”

ನಾನು ಕಂಡದ್ದು ಮರ್ಯಾದೆಯನ್ನಲ್ಲ, ತಪ್ಪೊಪ್ಪಿಗೆಯನ್ನು! ಉಂಗುರ ಕಾಯುತ್ತಿತ್ತು, ಆದರೆ ವಿಜ್ಞಾನವೂ ಕಾಯುತ್ತಿತ್ತು. ಪಕ್ಕದ ಗ್ಯಾರೇಜಿನವನನ್ನು ಕರೆದು, ಎಲ್ಲರೆದುರು ಟಾಕಿಯ ಪೆಟ್ರೋಲನ್ನು ಗಾಜಿನ ಬಾಟಲಿಗೆ ಇಳಿಸಿದೆ. ಮೇಲೆ ಪೆಟ್ರೋಲು, ಕೆಳಗೆ ನೀರು. “ನೋಡಿರಿ!” ಎಂದು ಬಾಟಲಿ ಎತ್ತಿ ಹಿಡಿದೆ. ಎಲ್ಲರೂ ನೋಡಿದರು. ನಾನೂ ನೋಡಿದೆ. ನೀರು ತಿಳಿಗುಲಾಬಿ ಬಣ್ಣಕ್ಕಿತ್ತು. ಅದರ ತಳದಲ್ಲಿ ಬೆಳ್ಳನೆಯದೊಂದು ಚೂರು ಕೂತಿತ್ತು.

“ಕೊಬ್ಬರಿ ಐತಲ್ರಿ ಇದು!” ಎಂದ ಗ್ಯಾರೇಜಿನವನು.

ಮುಂಜಾನೆಯ ಪೂಜೆ ನನ್ನ ಕಣ್ಣ ಮುಂದೆ ಬಂದು ನಿಂತಿತು, ಕುಂಕುಮ ಸಮೇತ. ಶರಣಪ್ಪನವರು ಬಾಟಲಿಯನ್ನೂ ಬೈಕಿಗೆ ಕಟ್ಟಿದ್ದ ಹೂವನ್ನೂ ನೋಡಿ, ಗಂಟಲು ಸರಿಮಾಡಿಕೊಂಡು, ಅತ್ಯಂತ ಗಂಭೀರವಾಗಿ ಹೇಳಿದರು:

“ಒಮ್ಮೊಮ್ಮೆ ಬರ್ತೈತ್ರಿ ಬೀಗರ, ಪೆಟ್ರೋಲಿನ್ಯಾಗ ಕೊಬ್ಬರಿ.”

ಆ ಕ್ಷಣದಲ್ಲಿ ಅವರು ನನ್ನನ್ನು ಹೊಡೆದಿದ್ದರೆ ಉಪಕಾರವಾಗುತ್ತಿತ್ತು.

ಬೈಕನ್ನು ಅಲ್ಲೇ ಬಿಟ್ಟು ಅವರ ಸ್ಕೂಟರಿನ ಹಿಂದೆ ಕೂತು ಸುರಪುರಕ್ಕೆ ಹೋದೆ. ದಾರಿಯುದ್ದಕ್ಕೂ ಅವರು ಜೋಳ, ಹತ್ತಿ, ಬಿಸಿಲು, ಎಲ್ಲದರ ಬಗ್ಗೆ ಮಾತಾಡಿದರು. ಪೆಟ್ರೋಲಿನ ಸುದ್ದಿ ಎತ್ತಲಿಲ್ಲ. ಮುಟ್ಟುವಷ್ಟರಲ್ಲಿ ಊಟದ ಹೊತ್ತು ದಾಟಿತ್ತು. ಹಿರಿಯರ ಮುಖಗಳು ಬಿಗಿದಿದ್ದವು. ನಮ್ಮ ಕಡೆಯ ಒಬ್ಬ ಮುದುಕರು ಆಗಲೇ “ಹೆಣ್ಣಿನ ಸೋದರಮಾವನೇ ಬರಲಿಲ್ಲ ಅಂದ್ರ ಇದೆಂಥಾ ಸಂಬಂಧ?” ಎಂದು ಶುರು ಮಾಡಿದ್ದರಂತೆ. ಬಸವರಾಜ ಬೆವರುತ್ತಿದ್ದ. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು.

“ತಡಾ ನನ್ನಿಂದ ಆತ್ರಿ,” ಎಂದು ಶರಣಪ್ಪನವರು ಕೈಮುಗಿದರು. “ನಮ್ಮ ಬಂಕಿನ ಪೆಟ್ರೋಲಿನಿಂದ ಬೀಗರ ಗಾಡಿ ಕೆಡ್ತು.”

ನಾನು ಬಾಯಿ ತೆರೆಯಬಹುದಿತ್ತು. ತೆರೆದೆ ಎಂದು ನನ್ನ ನೆನಪು. ಒಂದು ಪೇಢೆ ಹಾಕಿಕೊಳ್ಳಲು ಮಾತ್ರ ತೆರೆದಿರಿ ಎಂದು ಮಹಾದೇವಿಯದು. ಏನೇ ಇರಲಿ, ಮುದುಕರು ತಣ್ಣಗಾದರು, ಉಂಗುರ ಬೆರಳಿಗೇರಿತು, ಹುಡುಗಿ ತಲೆ ಎತ್ತಿದಳು.

ರಾತ್ರಿಯಾಗುವ ಮೊದಲೇ ಮಹಾದೇವಿಗೆ ಕೊಬ್ಬರಿ ಸುದ್ದಿ ಮುಟ್ಟಿತ್ತು. “ಟಾಕಿಗಿ ಹಾಕ್ರಿ ಅಂದಿದ್ದೆ, ಟಾಕಿಯೊಳಗ ಅಂದಿದ್ನೇನ್ರಿ?” ಎಂದಳು. ಅವಳು ಯಾವುದಕ್ಕೆ ಅಂದಳು, ನಾನು ಎಷ್ಟು ಹಾಕಿದೆ, ಎಲ್ಲವೂ ಇವತ್ತಿಗೂ ವಿವಾದದಲ್ಲಿದೆ.

ಬಸವರಾಜನ ಮದುವೆಯಾಯಿತು. ಆಮೇಲೊಮ್ಮೆ ಶಹಾಪುರಕ್ಕೆ ಹೋದಾಗ ಒಂದೇ ಒಂದು ಸಂಗತಿಯನ್ನು ಖುದ್ದಾಗಿ ಪರಿಶೀಲಿಸಿದೆ. ಬಂಕಿನ ಹುಡುಗರನ್ನು ಕೇಳಿದೆ, ಗ್ಯಾರೇಜಿನವನನ್ನು ಕೇಳಿದೆ, ಕೊನೆಗೆ ಶರಣಪ್ಪನವರನ್ನೇ ಕೇಳಿದೆ. ಎಲ್ಲರ ಉತ್ತರ ಒಂದೇ. ಇದರಲ್ಲಿ ಮಾತ್ರ ಅನುಮಾನವಿಲ್ಲ.

ನಾನು ಅಂದು ಪೆಟ್ರೋಲ್ ಹಾಕಿಸಿದ್ದು ರಸ್ತೆಯ ಆಚೆಯ ಬಂಕಿನಲ್ಲಿ. ಟ್ಯಾಂಕರ್ ಬಾರದೆ, ಶರಣಪ್ಪನವರ ಬಂಕಿನಲ್ಲಿ ಹಿಂದಿನ ದಿನದಿಂದ ಒಂದು ಹನಿ ಪೆಟ್ರೋಲೂ ಇರಲಿಲ್ಲ. ಹಾಗೆಂದು ಬರೆದ ಬೋರ್ಡಿಗೇ ಒರಗಿಕೊಂಡು ನಾನು ಭಾಷಣ ಮಾಡಿದ್ದೆ.