ಈಜಿಟ್ ಎಂಬ ಬಿರುದು

ಚಿಂತೆ ಮಾಡಲು ಕಾರಣ ಬೇಕೆಂದು ನಂಬಿದವರನ್ನು ಕಂಡರೆ ನನಗೆ ಅಯ್ಯೋ ಎನಿಸುತ್ತದೆ. ನಾನು ಮೊದಲು ಚಿಂತೆ ಶುರುಮಾಡುತ್ತೇನೆ, ಕಾರಣ ಆಮೇಲೆ ಸಿಗುತ್ತದೆ. ಊರು ಬಿಟ್ಟು ಸಮುದ್ರ ದಾಟಿ ಬಂದು ನಾನು ದುಡಿಯುವ ಬಯಾನ್ ಲೆಪಾಸ್‌ನ ಕಂಪ್ಯೂಟರ್ ಚಿಪ್ ಕಾರ್ಖಾನೆಗೆ ಐರ್ಲೆಂಡಿನ ಬ್ರೆಂಡನ್ ಮ್ಯಾನೇಜರಾಗಿ ಬಂದಾಗ, ನನಗಿಂತ ಚಿಕ್ಕವನಾದ ಈತ ನನ್ನ ಕಾಂಟ್ರ್ಯಾಕ್ಟ್ ಮುಂದುವರಿಸುತ್ತಾನೋ ಇಲ್ಲವೋ ಎಂದು ಅವನ ಹೆಜ್ಜೆ ಸಪ್ಪಳದಲ್ಲೇ ಭವಿಷ್ಯ ಓದತೊಡಗಿದೆ. ಮೇಲ್ ಕಳಿಸಿ, ತಲುಪಿತೇ ಎಂದು ಕೇಳಲು ಅವನ ಮೇಜಿನ ಬಳಿಗೇ ಹೋಗುತ್ತಿದ್ದೆ. ಅವನು ನಕ್ಕು, ಬೆನ್ನು ತಟ್ಟಿ, "ಯು ಈಜಿಟ್" ಎನ್ನುತ್ತಿದ್ದ.

ನಮ್ಮ ಧಾರವಾಡದಲ್ಲಿ ಸುಲಭವಾದದ್ದೆಲ್ಲ 'ಈಜಿ'. ಹಾಗಾಗಿ 'ಟೇಕ್ ಇಟ್ ಈಜಿ'ಯನ್ನೇ ಐರಿಷ್ ಜನ ಮೊಟಕು ಮಾಡಿ 'ಈಜಿ ಇಟ್' ಎನ್ನುತ್ತಾರೆಂದು ತೀರ್ಮಾನಿಸಿಬಿಟ್ಟೆ. ಯಾರೂ ನನಗೆ ಇಷ್ಟು ಅಕ್ಕರೆಯಿಂದ ಸಮಾಧಾನ ಹೇಳಿರಲಿಲ್ಲ; ಪ್ರತಿ ಸಲವೂ ಥ್ಯಾಂಕ್ಯೂ ಹೇಳುತ್ತಿದ್ದೆ. ಕಲಿತ ಮಾತು ಬಾಯಲ್ಲಿ ಸುಮ್ಮನಿರಬೇಕಲ್ಲ? ಡಬ್ಲಿನ್‌ನಿಂದ ಬಂದ ಡೈರೆಕ್ಟರ್ ಮೀಟಿಂಗಿನಲ್ಲಿ ಯಾವುದೋ ಮೆಷಿನ್ ಬಗ್ಗೆ ಆತಂಕಪಟ್ಟಾಗ ಕೈಯೆತ್ತಿ ಅಭಯ ನೀಡಿದೆ: "ಡೋಂಟ್ ವರಿ ಸರ್. ಈಜಿಟ್, ಈಜಿಟ್." ಡೈರೆಕ್ಟರ್ ಕಣ್ಣರಳಿಸಿ ಬ್ರೆಂಡನ್ ಕಡೆ ತಿರುಗಿದರು; ಬ್ರೆಂಡನ್ ತನ್ನ ಫೈಲಿನೊಳಗೆ ಮುಖ ಹುದುಗಿಸಿದ.

ಸಂಜೆ ಮಗಳ ಹತ್ತಿರ ವಿಚಾರಿಸಿದೆ. ಕನ್ನಡ ತಿಳಿದರೂ ಇಂಗ್ಲಿಷಿನಲ್ಲೇ, ಅದೂ ಇಲ್ಲಿಯವರಂತೆ ಮಾತಿಗೊಂದು 'ಲಾ' ಸೇರಿಸಿ, ಉತ್ತರಿಸುವ ಹುಡುಗಿ. "ಇಟ್ ಮೀನ್ಸ್ ಈಡಿಯಟ್ ಲಾ, ಅಪ್ಪಾ. ಬಟ್ ಕ್ಯೂಟ್ ಈಡಿಯಟ್" ಎಂದಳು. ಈಡಿಯಟ್ ಎಂದು ಯಾರಿಗೆ ಬೇಕಾದರೂ ಬೈಯಬಹುದಂತೆ. ಈಜಿಟ್ ಎನ್ನುವುದು ಬೇಕಾದವರಿಗೆ ಮಾತ್ರವಂತೆ. ನಮ್ಮ ಸೋದರತ್ತೆ "ಹುಚ್ಚಪ್ಪಾ" ಎಂದು ತಲೆ ಸವರುತ್ತಿದ್ದಳಲ್ಲ, ಹಾಗೆ. ಹೆಂಡತಿ ಸುಧಾ ಮಾತ್ರ, "ನಾ ಕನ್ನಡದಾಗ ಅಂದ್ರ ಸಿಟ್ಟು ಬರ್ತದ, ಅವ್ರು ಅಂದ್ರ ಥ್ಯಾಂಕ್ಯೂ ಅಂತೀರಿ" ಎಂದು ಒಳಗೆ ಹೋದಳು.

ಮರುದಿನದಿಂದ ಬ್ರೆಂಡನ್ "ಗುಡ್ ಮಾರ್ನಿಂಗ್, ಮಿಸ್ಟರ್ ಕುಲಕರ್ಣಿ" ಎನ್ನತೊಡಗಿದ. ಮರ್ಯಾದೆ ಕೊಟ್ಟು ಮನೆಗೆ ಕಳಿಸುವುದೆಂದರೆ ಇದೇ ಎಂದು ನಾನು ಮನಸ್ಸಿನಲ್ಲೇ ಗಂಟುಮೂಟೆ ಕಟ್ಟಿದೆ. ಕೊನೆಗೆ ತಡೆಯಲಾರದೆ ಅವನೆದುರು ನಿಂತು, ಡೈರೆಕ್ಟರಿಗೆ ಅಂದದ್ದಕ್ಕೆ ಕ್ಷಮೆ ಕೇಳಿ, ದಯವಿಟ್ಟು ನನ್ನನ್ನು ಮೊದಲಿನಂತೆಯೇ ಕರೆಯಬೇಕೆಂದು ಬೇಡಿಕೊಂಡೆ. ಅವನ ಮುಖವೇ ಕೆಂಪಾಯಿತು. ಅರ್ಥ ತಿಳಿದು ನಾನು ನೊಂದೆನೆಂದೂ ಎಲ್ಲರೆದುರು ಸೇಡು ತೀರಿಸಿಕೊಂಡೆನೆಂದೂ ಅವನು ಹೆದರಿದ್ದನಂತೆ. ಡೈರೆಕ್ಟರೋ, ವಿಮಾನ ಹತ್ತುವವರೆಗೂ ನಗುತ್ತಿದ್ದರಂತೆ.

"ಯು ಆರ್ ಸ್ಟೇಯಿಂಗ್, ಯು ಈಜಿಟ್" ಎಂದ.

ಕಾಂಟ್ರ್ಯಾಕ್ಟ್ ಮುಂದುವರಿಯಿತು. ಇನ್ನಾದರೂ ನೆಮ್ಮದಿಯೇ ಎಂದು ಕೇಳಬೇಡಿ. ನಿನ್ನೆ ಹೊಸದಾಗಿ ಸೇರಿದ ತಮಿಳು ಇಂಜಿನಿಯರಿಗೂ ಬ್ರೆಂಡನ್ ಅದೇ ಮಾತು ಅಂದ. ನನಗೆ ಮಧ್ಯಾಹ್ನದ ಊಟ ಸೇರಲಿಲ್ಲ. ಹುಡುಗ ಬುದ್ಧಿವಂತನೇ ಇರಬಹುದು. ಆದರೆ ಈಜಿಟ್ ಎನಿಸಿಕೊಳ್ಳಲು ನನ್ನಷ್ಟು ಸರ್ವಿಸ್ ಬೇಡವೇ?