ಕೂಗುವ ಪೆಟ್ಟಿಗೆ

ರಾತ್ರಿ ಪಾಳಿ ಮುಗಿಸಿ ಬಂದ ಸಿಸ್ಟರ್ ದಿಂಬಿಗೆ ತಲೆ ಕೊಟ್ಟಳು. ಅದಕ್ಕೇ ಕಾದಿದ್ದಂತೆ ಗೋಡೆಯಾಚೆಯ ಪೆಟ್ಟಿಗೆ ‘ಟೀಂಕ್’ ಎಂದಿತು.

ಪೆಟ್ಟಿಗೆಯೆಂದರೆ ಸೋಲಾರ್ ಚಾರ್ಜ್ ಕಂಟ್ರೋಲರ್. ತಾರಸಿಯ ಪ್ಯಾನೆಲ್‌ನಿಂದ ಇಳಿದು ಬರುವ ಕರೆಂಟನ್ನು ಹದವರಿತು ಬ್ಯಾಟರಿಗೆ ಕುಡಿಸುವುದು ಅದರ ಕೆಲಸ. ಕಿಟಕಿಯಿಲ್ಲದ ಮೆಟ್ಟಿಲುಗಳಲ್ಲಿ ಹಗಲೂ ರಾತ್ರಿ ಉರಿಯುವ ದೀಪಗಳೆಲ್ಲ ಅದರ ಮಕ್ಕಳು. ಅದನ್ನು ಎಲ್ಲಿ ಹಾಕಿಸುವುದೆಂಬ ಚರ್ಚೆ ನಡೆದಾಗ ಎಲ್ಲರೂ ಒಮ್ಮತದಿಂದ, “ಸಿಸ್ಟರ್ ಬಾಗಿಲ ಪಕ್ಕ ಇರಲಿ, ಅವರಿಗೆ ನಿಗಾ ಇಟ್ಟು ಅಭ್ಯಾಸ” ಎಂದಿದ್ದರು. ಆಗ ಸಿಸ್ಟರ್ ಡ್ಯೂಟಿಯಲ್ಲಿದ್ದಳು.

ಟೀಂಕ್. ಟೀಂಕ್.

ತೀವ್ರ ನಿಗಾ ವಾರ್ಡಿನಲ್ಲಿ ಇಡೀ ರಾತ್ರಿ ಇಂಥದ್ದೇ ಸದ್ದು ಕೇಳಿ ಬಂದವಳಿಗೆ, ಯಾರೋ ರೋಗಿ ಹಾಸಿಗೆ ಸಮೇತ ಹಿಂದೆಯೇ ಬಂದಂತಾಯಿತು. ನಿದ್ದೆಗೆಟ್ಟು ಹಿಂದಿನ ರಾತ್ರಿ ಒಬ್ಬರ ಮಾತ್ರೆ ಇನ್ನೊಬ್ಬರ ಬಾಯಿಗೆ ಹಾಕಲು ಹೋದಾಗ ಹೆಡ್ ಸಿಸ್ಟರ್ ಕೈ ಹಿಡಿದು ತಡೆದಿದ್ದರು. “ನಾಳೆ ನಿದ್ದೆ ಮಾಡಿ ಬಾ. ಇಲ್ಲಾಂದ್ರೆ ಬರಲೇಬೇಡ” ಎಂದಿದ್ದರು. ಸಂಜೆಗೆ ಮತ್ತೆ ಹೋಗಬೇಕು.

“ಅತ್ತೆ, ಆ ಶಬ್ದ ಯಾವಾಗಿಂದ?” ಎಂದು ಕೂಗಿ ಕೇಳಿದಳು.

“ಯಾವ ಶಬ್ದ ಕಣೇ?” ಎಂದರು ಕಿವಿ ಮಂದವಾಗಿದ್ದ ಅತ್ತೆ, ಮಗ್ಗುಲು ಬದಲಿಸಿ. ಸಿಸ್ಟರ್‌ಗೆ ಜೀವನದಲ್ಲಿ ಮೊದಲ ಸಲ ಅತ್ತೆಯ ಮೇಲೆ ಹೊಟ್ಟೆಕಿಚ್ಚಾಯಿತು.

ಹೊರಗೆ ಬಂದು ಗುಂಡಿ ಒತ್ತಿದಳು. ಪೆಟ್ಟಿಗೆ ಒಂದು ಗಳಿಗೆ ಯೋಚಿಸಿ, ಅವಮಾನವಾದವರಂತೆ ಎರಡೆರಡು ಸಲ ಕೂಗತೊಡಗಿತು.

ಕೆಳಗಿನ ಮನೆಯ ನಿವೃತ್ತ ಮೇಷ್ಟ್ರು ಸೂಚನಾ ಪುಸ್ತಕ ಹಿಡಿದು ಮೆಟ್ಟಿಲೇರಿ ಬಂದರು. ಮೇಲಿನಿಂದ ಟೈಲರಮ್ಮ ಹೆಗಲ ಮೇಲೆ ಟೇಪು ಹಾಕಿಕೊಂಡೇ ಇಳಿದಳು. ಎದುರು ಬಾಗಿಲಿನ ರೇಡಿಯೋ ಸ್ಕ್ರೂಡ್ರೈವರ್ ಸಮೇತ ಪ್ರತ್ಯಕ್ಷನಾದ. ಎಂದೋ ಒಂದು ರೇಡಿಯೋ ರಿಪೇರಿ ಮಾಡಿದ್ದಕ್ಕೆ ಅವನಿಗೆ ಆ ಹೆಸರು. ಆ ರೇಡಿಯೋ ಆಮೇಲೆ ಹಾಡಿತೋ ಇಲ್ಲವೋ ಯಾರೂ ಕೇಳಿರಲಿಲ್ಲ.

“ಎರಡು ಸಲ ಕೂಗಿದರೆ, ಬ್ಯಾಟರಿಗೆ ಚಾರ್ಜು, ಸರಿಯಾಗಿ ಆಗುತ್ತಿಲ್ಲ” ಎಂದು ಮೇಷ್ಟ್ರು ಓದಿದರು. ನಲವತ್ತು ವರ್ಷ ಉಕ್ತಲೇಖನ ಬರೆಸಿದ ನಾಲಿಗೆ. ಪ್ರತಿ ತುಂಡನ್ನೂ ಎರಡು ಸಲ ಹೇಳಿ, ಮಕ್ಕಳು ಬರೆದುಕೊಳ್ಳಲು ಬೇಕಾದಷ್ಟು ಹೊತ್ತು ನಿಲ್ಲುತ್ತಿದ್ದರು.

“ಧೂಳು ಕೂತಿರತ್ತೆ ಪ್ಯಾನೆಲ್ ಮೇಲೆ. ಹೋಗಿ ತೊಳೀರಿ ಸಿಸ್ಟರ್, ನಿಮ್ಮ ಕೈ ಹಗುರ” ಎಂದಳು ಟೈಲರಮ್ಮ.

“ನಾನಿನ್ನೂ ಮಲಗಿಲ್ಲ…”

“ಎದ್ದೇ ಇದ್ದೀರಲ್ಲ, ಒಳ್ಳೇದೇ ಆಯ್ತು.”

ಸಿಸ್ಟರ್ ಬಕೆಟ್ ಹೊತ್ತು ತಾರಸಿಗೆ ಹೋದಳು. ಉರಿಬಿಸಿಲಲ್ಲಿ ರೋಗಿಯ ಮೈ ಒರೆಸುವಂತೆ ಪ್ಯಾನೆಲ್ ಒರೆಸಿದಳು. ಮಿಕ್ಕ ನೀರು ಕೊಳವೆ ಬಿಟ್ಟು ಗೋಡೆಗುಂಟ ಇಳಿದು, ಟೈಲರಮ್ಮನ ಕಿಟಕಿ ದಾಟಿ, ಇಸ್ತ್ರಿಯಾಗಿದ್ದ ಗಿರಾಕಿಗಳ ಬಟ್ಟೆಯ ಮೇಲೆ ಹರಿಯಿತು.

“ಅಯ್ಯೋ ನನ್ನ ಬಟ್ಟೆ! ಯಾರ್ರೀ ಹೇಳಿದ್ದು ತೊಳೀಲಿಕ್ಕೆ?”

ಸಿಸ್ಟರ್ ಖಾಲಿ ಬಕೆಟ್ ಎತ್ತಿಕೊಂಡಳು. ಇಳಿದು ಬಂದರೆ ಪೆಟ್ಟಿಗೆ ಅದೇ ಉತ್ಸಾಹದಲ್ಲಿ ಕೂಗುತ್ತಿತ್ತು.

“ಎಲ್ಲಾ ಬಿಚ್ಚಿ ಮತ್ತೆ ಹಾಕಿದ್ರೆ ತಾನೇ ಸರಿಹೋಗತ್ತೆ. ಓದಿ ಮೇಷ್ಟ್ರೇ” ಎಂದು ರೇಡಿಯೋ ತೋಳು ಮಡಿಸಿದ.

“ಬ್ಯಾಟರಿಯ ತಂತಿಯನ್ನು,” ಎಂದರು ಮೇಷ್ಟ್ರು. “ಬ್ಯಾಟರಿಯ ತಂತಿಯನ್ನು…”

ರೇಡಿಯೋ ಬ್ಯಾಟರಿಯ ತಂತಿ ಹಿಡಿದ.

“…ಮೊದಲು ಬಿಚ್ಚಿದರೆ,”

ರೇಡಿಯೋ ಬಿಚ್ಚಿದ.

“…ದೀಪಗಳು ಸಿಡಿಯುವ ಅಪಾಯವಿದೆ. ಅಪಾಯವಿದೆ. ಆದ್ದರಿಂದ…”

ಆದ್ದರಿಂದ ತಲೆಯ ಮೇಲಿನ ಬಲ್ಬು ಸೂರ್ಯನಂತೆ ಬೆಳಗಿ ‘ಫಟ್’ ಎಂದಿತು. ಮೆಟ್ಟಿಲಲ್ಲಿ ಕತ್ತಲೆ. ಆ ಕತ್ತಲೆಯಲ್ಲಿ ರೇಡಿಯೋ, “ಪೂರ್ತಿ ವಾಕ್ಯ ಒಂದೇ ಸಲ ಹೇಳೋಕೆ ಏನಾಗಿತ್ತು ನಿಮಗೆ?” ಎಂದ. “ಪೂರ್ಣವಿರಾಮ ಬರೋ ತನಕ ಕಾಯಬೇಕಪ್ಪಾ” ಎಂದರು ಮೇಷ್ಟ್ರು. ಟೈಲರಮ್ಮ ಇಬ್ಬರಿಗೂ ಸೇರಿಸಿ ಬೈದಳು.

ಅವರು ಜಗಳದಲ್ಲಿದ್ದಾಗ ಸಿಸ್ಟರ್ ಪ್ಯಾನೆಲ್ಲಿನ ತಂತಿಯನ್ನೂ ಬಿಚ್ಚಿಟ್ಟು, ಟಾರ್ಚ್ ಹಿಡಿದು ಪೆಟ್ಟಿಗೆಯ ಕೆಳಗಿದ್ದ ಬ್ಯಾಟರಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ತಂತಿ ಕಚ್ಚುವ ಜಾಗದಲ್ಲಿ ಬೆಳ್ಳಗೆ ಕಿಲುಬು ಕಟ್ಟಿತ್ತು. ಅವಳ ಕಣ್ಣಿಗೆ ಅದು ಆರೈಕೆ ಕಾಣದ ಗಾಯ. ಕೈಗವಸು ಹಾಕಿ, ಬಿಸಿನೀರಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ, ಬ್ಯಾಟರಿಯ ತಂತಿಯನ್ನು ಮೊದಲು, ಪ್ಯಾನೆಲ್ಲಿನದನ್ನು ಆಮೇಲೆ ಬಿಗಿದಳು. ಪೆಟ್ಟಿಗೆಯಲ್ಲಿ ಹಸಿರು ದೀಪ ಕಣ್ಣು ಬಿಟ್ಟಿತು.

ನಿಶ್ಶಬ್ದ.

“ನಾನು ಹೇಳಲಿಲ್ವಾ, ಬಿಚ್ಚಿ ಹಾಕಿದ್ರೆ ಸರಿಹೋಗತ್ತೆ ಅಂತ?” ಎಂದ ರೇಡಿಯೋ. “ಪುಸ್ತಕದಲ್ಲಿರೋದೇ ಅದು” ಎಂದರು ಮೇಷ್ಟ್ರು. “ತೊಳೆದಿದ್ದಕ್ಕೆ ಗುಣ ಕಾಣಿಸ್ತು ನೋಡಿ” ಎಂದಳು ಟೈಲರಮ್ಮ. ಮೂವರೂ ದಣಿದಿದ್ದೇವೆಂದು ಊಟಕ್ಕೆ ಹೋದರು.

ಸಿಸ್ಟರ್ ಬಾಗಿಲು ಹಾಕಿದಳು. ಸಂಜೆಗಿನ್ನೂ ಸಮಯವಿತ್ತು. ಒದ್ದೆ ಸೀರೆ ಬದಲಿಸುವ ಗೋಜಿಗೂ ಹೋಗದೆ ಮಲಗಿದಳು. ಹೊರಗೆ ಸದ್ದಿಲ್ಲ, ಒಳಗೆ ಸದ್ದಿಲ್ಲ. ಕೈಕಾಲು ಹತ್ತಿಯಾದವು. ರೆಪ್ಪೆ ಮುಚ್ಚಿತು. ಬಾವಿಗೆ ಬಿಟ್ಟ ಕೊಡದಂತೆ ಅವಳು ನಿದ್ದೆಗೆ ಇಳಿಯತೊಡಗಿದಳು. ಇಳಿದಳು, ಇಳಿದಳು, ಇನ್ನೇನು ನೀರು ಮುಟ್ಟಬೇಕು.

ಸದ್ದು ನಿಂತಿದೆ!

ಯಾವ ಬೆಡ್ಡು? ಹಾಸಿಗೆಯ ಪಕ್ಕದ ಟೀಂಕ್ ನಿಂತರೆ ಮೊದಲು ಓಡು, ಆಮೇಲೆ ಯೋಚಿಸು ಎಂಬುದನ್ನು ಇಷ್ಟು ವರ್ಷಗಳ ಡ್ಯೂಟಿ ಅವಳ ಕಾಲುಗಳಿಗೆ ಕಲಿಸಿಬಿಟ್ಟಿತ್ತು. ಎಚ್ಚರವಾಗುವ ಹೊತ್ತಿಗೆ ಸಿಸ್ಟರ್ ಬರಿಗಾಲಲ್ಲಿ, ಕೂದಲು ಕೆದರಿಕೊಂಡು, ಮೆಟ್ಟಿಲ ಬಳಿ ನಿಂತಿದ್ದಳು. ಎರಡು ಬೆರಳು ಪೆಟ್ಟಿಗೆಯ ಪಕ್ಕೆಯಲ್ಲಿ ನಾಡಿ ಹುಡುಕುತ್ತಿದ್ದವು. ಇನ್ನೊಂದು ಕೈ ಅದರ ಎದೆಗೆ ಗುದ್ದಲು ಎತ್ತಿತ್ತು.

ಅವಳು ತೆರೆದ ಬಾಗಿಲಿನ ರಭಸಕ್ಕೆ ಮಿಕ್ಕ ಬಾಗಿಲುಗಳೂ ತೆರೆದವು. ರೇಡಿಯೋನ ಬಾಯಲ್ಲಿ ತುತ್ತು ಹಾಗೇ ಇತ್ತು. ಟೈಲರಮ್ಮ ಮೇಲಿನಿಂದ ಬಗ್ಗಿ ನೋಡಿದಳು.

“ಏನಾಯ್ತು ಸಿಸ್ಟರ್?” ಎಂದರು ಮೇಷ್ಟ್ರು ಕೆಳಗಿನಿಂದ, ನಡುಗುವ ದನಿಯಲ್ಲಿ. “ಹೋಯ್ತಾ?”

ಸಿಸ್ಟರ್ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿದಳು. ಬಾಯಿಯಿಂದ ಹೊರಟಿದ್ದು ವಾರ್ಡಿನ ದನಿ, ತಗ್ಗಿದ, ಮೆತ್ತನೆಯ ದನಿ.

“ಇಲ್ಲ, ಗಾಬರಿಯಾಗಬೇಡಿ. ಉಸಿರಾಡ್ತಿದೆ. ನೀವೆಲ್ಲ ಹೋಗಿ ಸ್ವಲ್ಪ ಮಲಗಿ. ನಾನು ಇಲ್ಲೇ ಇರ್ತೀನಿ.”

ಅವರೆಲ್ಲ ಹೋಗಿ ಮಲಗಿದರು.